ರೆಟಿಸೆಂಟ್ ಎಂಬ ಪದಕ್ಕೆ ಒಂದು ಉದಾಹರಣೆ

ಬಾಳಪ್ಪನ ಹೆಸರು ಬರೆದದ್ದು ತಪ್ಪಾಯಿತೇನೋ. ಆ ಮನುಷ್ಯ ಮಾತಾಡುವುದಿಲ್ಲ, ನಿಜ. ಆದರೆ ಮಾತಾಡದಿರುವುದೂ ಮಾತನ್ನು ಒಳಗೆ ಇಟ್ಟುಕೊಂಡಿರುವುದೂ ಒಂದೇ ಏನು? ಸುಣ್ಣದ ಗೂಡಿನ ಮುಂದೆ ಇಪ್ಪತ್ತು ವರ್ಷದಿಂದ ಸುಮ್ಮನೆ ಕೂತಿರುವವನ ಮುಖ ನೋಡಿ, ಒಳಗೆ ಏನೋ ಇದೆ ಎಂದು ನಾನೇ ಅಂದುಕೊಂಡುಬಿಟ್ಟೆನೆ? ನಿನ್ನೆ ಸಂಜೆ ವಾಕ್ಯವನ್ನು ಓದಿ ಹೇಳಿದಾಗ ಅವನು ತಲೆಯಾಡಿಸಿದ್ದನಲ್ಲ. ಆದರೆ ಅವನು ಯಾವುದಕ್ಕೆ ತಾನೆ ತಲೆಯಾಡಿಸುವುದಿಲ್ಲ? ಹೀಗೆ ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತ, ಬೆಳಗಿನ ಮೊದಲ ದೋಣಿಗೂ ಮುಂಚೆ ನಾನು ಪದಮನೆಯ ಮೆಟ್ಟಿಲು ಹತ್ತಿದೆ.

ಮಾಳವ್ವ ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಹೊಳೆಯ ದಂಡೆಯಲ್ಲಿ ದೋಣಿಯ ಟಿಕೆಟ್ ಹರಿಯುವುದು ಅವಳ ಕೆಲಸ. ತೊಡೆಯ ಮೇಲೆ ಅವಳ ಪದಪುಸ್ತಕ ತೆರೆದೇ ಇತ್ತು.

"ಬಾ ತಮ್ಮಾ ಬಿ.ಎ.," ಅಂದಳು. "ನಿನ್ನ ಬಾಳಪ್ಪ ಹ್ವಾದ ನೋಡು."

ನೋಡಿದೆ. ಪದ, ಅರ್ಥ, ವಾಕ್ಯ ಮೂರೂ ಇದ್ದ ಜಾಗ ತೊಳೆದಿಟ್ಟ ತಟ್ಟೆಯ ಹಾಗಿತ್ತು.

"ಯಾವ ಪದ ಇತ್ತೋ ಅದು? ರ ಅಂತ ಶುರು ಆಗ್ತಿತ್ತು. ನಿನ್ನೆ ಸಂಜಿಗೆ ನೂರು ಸಲ ಅಂದೀನಿ. ಈಗ ನಾಲಿಗಿ ಮ್ಯಾಲ ಬರವಲ್ದು."

"ರೆಟಿಸೆಂಟ್," ಅಂದೆ.

"ಹಾಂ, ಅದ," ಅಂದಳು. ಮುಖದಲ್ಲಿ ಗುರುತು ಹತ್ತಿದ ಕಳೆಯೇನೂ ಕಾಣಲಿಲ್ಲ.

ನಮ್ಮೂರಿನಲ್ಲಿ ಇಂಗ್ಲಿಷ್ ಕಲಿಯುವುದು ಹೀಗೆ. ಮೊದಲು ಪದ, ಅದರ ಪಕ್ಕ ಕನ್ನಡದಲ್ಲಿ ಅರ್ಥ, ಕೆಳಗೆ ಒಂದು ಉದಾಹರಣೆ. ಅರ್ಥವನ್ನು ನಿಘಂಟಿನಿಂದ ಎತ್ತಿಕೊಳ್ಳಬಹುದು. ಉದಾಹರಣೆಯನ್ನು ಮಾತ್ರ ಊರಿನಿಂದಲೇ ತರಬೇಕು, ಅದು ನಿಜವಾಗಿರಬೇಕು. ನಿಜವಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಮಸಿ ಹೋಗಿರುತ್ತದೆ, ಪುಸ್ತಕ ಯಾರದೋ ಅವರ ತಲೆಯಿಂದ ಪದವೂ ಹೋಗಿರುತ್ತದೆ. 'ಅವನು ಒಳ್ಳೆಯ ಹುಡುಗ' ಎಂಬಂಥ ವಾಕ್ಯಗಳು ನಮ್ಮಲ್ಲಿ ನಿಂತ ದಾಖಲೆಯೇ ಇಲ್ಲ. ಯಾವ ಅವನು, ಯಾವಾಗ ಒಳ್ಳೆಯವನಾಗಿದ್ದ, ಯಾರಿಗೆ? ಅದನ್ನು ಹೇಳಬೇಕು. ಹೇಳಿದ ಮೇಲೆ, ಯಾರ ಹೆಸರು ಬರುತ್ತದೋ ಅವರನ್ನು ಸಂಜೆ ನಾಲ್ಕರ ಹೊತ್ತಿಗೆ ಪದಮನೆಯ ಕಟ್ಟೆಗೆ ಕರೆಸಿ, ಎಲ್ಲರ ಮುಂದೆ ವಾಕ್ಯ ಓದಿ, ಅವರಿಂದ 'ಆಗಲಿ' ಅನ್ನಿಸಿಕೊಳ್ಳಬೇಕು, ತಲೆಯಾಡಿಸಿದರೂ ಆದೀತು. ಆಗಲಿ ಅನ್ನದವರ ಹೆಸರನ್ನು ಬರೆಯುವ ಪದ್ಧತಿಯಿಲ್ಲ.

ಊರು ಇದಕ್ಕೆ ಯಾವಾಗಲೋ ಒಗ್ಗಿಹೋಗಿತ್ತು. ಹೆಣ್ಣು ಕೊಡುವವರು ಗಂಡಿನ ಮನೆಯವರು ಯಾವ ಯಾವ ಪದಕ್ಕೆ ಉದಾಹರಣೆಯಾಗಿದ್ದಾರೆ ಎಂದು ಪದಮನೆಯ ದೊಡ್ಡ ಪುಸ್ತಕ ತೆಗೆಸಿ ನೋಡಿಯೇ ಎಲೆಅಡಿಕೆ ಮುಟ್ಟುತ್ತಿದ್ದರು. ಎಣ್ಣೆ ಗಾಣದ ಮುದುಕನೊಬ್ಬ ಪಾರ್ಸಿಮೋನಿಯಸ್, ಎಂದರೆ ಜಿಪುಣ, ಎಂಬ ಪದಕ್ಕೆ ತನ್ನ ಹೆಸರು ಹಾಕಲು ಒಪ್ಪಿದ್ದು, ಒಪ್ಪಲು ಏನೂ ಖರ್ಚಿಲ್ಲ ಎಂಬ ಕಾರಣಕ್ಕೆ. ಕ್ಷೌರದಂಗಡಿಯ ಹುಸೇನಪ್ಪನದು ಪ್ರೊಕ್ರಾಸ್ಟಿನೇಟ್, ನಾಳೆ ನಾಳೆ ಎಂದು ಮುಂದೂಡುವುದು. ಅಂಗಡಿಯ ಗೋಡೆಗೆ ಸುಣ್ಣ ಬಳಿಯುವುದನ್ನು ಅವನು ಪ್ರೊಕ್ರಾಸ್ಟಿನೇಟ್ ಮಾಡುತ್ತಾನೆ ಎಂಬ ವಾಕ್ಯ ಹನ್ನೊಂದು ವರ್ಷದಿಂದ ಗಟ್ಟಿಯಾಗಿ ನಿಂತಿತ್ತು. ಹೆಂಡತಿ ಬೈದಾಗೆಲ್ಲ ಅವನು, "ಸುಣ್ಣ ಹಚ್ಚಿದ್ರ ಊರ ಮಕ್ಕಳ ಪದಾ ಹೋಗ್ತೈತಲ್ಲ, ಪಾಪ ನನಗ ಬ್ಯಾಡ," ಅನ್ನುತ್ತಿದ್ದ.

ಇದನ್ನೆಲ್ಲ ನಡೆಸುತ್ತಿದ್ದವರು ಸಂಕಣ್ಣ ಮಾಸ್ತರರು. ಆಗ ಅವರಿಗೆ ಐವತ್ತು. ಸಂಬಳವಿಲ್ಲದ ಮಾಸ್ತರರು, ಮದುವೆಯಿಲ್ಲದ ಮನುಷ್ಯ. ಹಳೆಯ ಸುಂಕದ ಮನೆಯನ್ನು ತಾವೇ ಗುಡಿಸಿ ಪದಮನೆ ಮಾಡಿದ್ದರು. ಅವರು ಅರ್ಥ ಹೇಳುವುದನ್ನು ಕೇಳಬೇಕಿತ್ತು. ಎಫೆಮೆರಲ್ ಎಂಬ ಪದ ಕಲಿಸಲು ಎಲ್ಲರನ್ನೂ ಬಾಳಪ್ಪನ ಗೂಡಿಗೆ ಕರೆದೊಯ್ದು, ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿಸಿ, ಬುಸ್ಸೆಂದು ಎದ್ದ ಹಬೆ ಇಲ್ಲವಾಗುವವರೆಗೆ ಕೈಯೆತ್ತಿ ನಿಲ್ಲಿಸಿ, "ಇಷ್ಟ ಇದರ ಆಯುಷ್ಯ," ಅಂದಿದ್ದರು. ಅಂಬಿವಲೆಂಟ್‌ಗೆ, ಮನಸ್ಸು ಎರಡೂ ಕಡೆ ಎಳೆಯುವುದಕ್ಕೆ, ತವರಿನಿಂದ ಹೊರಟು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತ ನೇಕಾರರ ಮನೆಯ ಸೊಸೆಯನ್ನು ತೋರಿಸಿದ್ದರು. ನಾನು ಕಾಲೇಜಿನಲ್ಲಿ ಮೂರು ವರ್ಷ ಇಂಗ್ಲಿಷ್ ಓದಿದವನು. ಅಲ್ಲಿ ನನಗೆ ಪದಗಳು ಗೊತ್ತಾದವು. ಪದಗಳಿಗೆ ಮುಖ ಇರುತ್ತದೆ ಎಂದು ಗೊತ್ತಾದದ್ದು ಮಾಸ್ತರರ ಕಟ್ಟೆಯಲ್ಲಿ.

ಅವರ ಒಂದೇ ತೊಂದರೆಯೆಂದರೆ ಮಾತು. ಬಾಯಿಗೆ ಬಿಡುವಿರಲಿಲ್ಲ. ಬರೆಯಲು ಕೂತರೆ ಮಾತು ನಿಲ್ಲಿಸಬೇಕಾಗುತ್ತದೆ, ಅದು ಅವರಿಂದಾಗದು. ಅದಕ್ಕೇ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಗ್ಯಾರುಲಸ್ ಎಂಬ ಪದಕ್ಕೆ ಅವರೇ ಉದಾಹರಣೆ. ಒಂದು ದೋಣಿಯಲ್ಲಿ ಹೊರಟವನಿಗೆ ಹೇಳುತ್ತಿದ್ದ ಮಾತನ್ನು, ಅವನು ಹೋದದ್ದು ತಿಳಿಯದೆ, ಮುಂದಿನ ದೋಣಿಗೆ ಬಂದವನಿಗೆ ಮುಂದುವರಿಸಿದ್ದರು ಎಂಬುದು ವಾಕ್ಯ. ಅದಕ್ಕೆ ಅವರು ಆಗಲಿ ಅಂದದ್ದು ಅರ್ಧ ತಾಸು ಮಾತಾಡಿದ ಮೇಲೆ.

ಅಂದು ಬೆಳಿಗ್ಗೆ ಅವರು ಬಂದು ಬರಿದಾದ ಹಾಳೆ ನೋಡಿದರು. ಬೈಯಲಿಲ್ಲ.

"ನೋಡವ್ವಾ ಮಾಳವ್ವ," ಅಂದರು. "ಓಣ್ಯಾಗ ಎರಡು ಮನಿ ಬಾಗಲಾ ಹಾಕ್ಯಾವಂತ ತಿಳಿ. ಒಂದರಾಗ ಯಾರೂ ಇಲ್ಲ. ಇನ್ನೊಂದರಾಗ ಮಂದಿ ಅದಾರ, ಆದ್ರ ತೆಗಿಯಾಂಗಿಲ್ಲ. ಹೊರಗ ನಿಂತವಗ ಎರಡೂ ಒಂದ. ಮೊದಲನೇದು ಟ್ಯಾಸಿಟರ್ನ್. ಎರಡನೇದು ರೆಟಿಸೆಂಟ್. ನಮ್ಮ ಬಿ.ಎ. ಹೊರಗ ನಿಂತು ಬರದಾನ."

"ಒಳಗ ಮಂದಿ ಅದಾರಂತ ಹೆಂಗ ಗೊತ್ತಾಗಬೇಕ್ರಿ ಮಾಸ್ತರ?"

"ಸಂದ್ಯಾಗಿಂದ ಒಗ್ಗರಣಿ ವಾಸನಿ ಬರ್ತೈತಲ್ಲ!" ಅಂದವರೇ ಒಗ್ಗರಣೆಗೆ ಹೋದರು, ಅಲ್ಲಿಂದ ಸಾಸಿವೆಗೆ, ಸಾಸಿವೆಯಿಂದ ತಮ್ಮ ಸೋದರತ್ತೆಗೆ. ಮೊದಲ ದೋಣಿ ಬಂದದ್ದರಿಂದ ಮಾಳವ್ವ ಎದ್ದು ಓಡಿದಳು.

ಅವಳ ಅವಸರಕ್ಕೆ ಕಾರಣವಿತ್ತು. ಹೊಳೆಯ ಆಚೆ ದಂಡೆಯ ನ್ಯಾಯಾಲಯದ ಕಚೇರಿಯಲ್ಲಿ ಭಾಷಾಂತರಕಾರರ ಹುದ್ದೆ ಒಂದೇ ಒಂದು. ಕಚೇರಿ ಕೊಟ್ಟ ಪಟ್ಟಿಯ ಮುನ್ನೂರು ಪದವೂ ತುಂಬಿದ ಪುಸ್ತಕ ತೋರಿಸಿದವರನ್ನು ಮಾತ್ರ ಪರೀಕ್ಷೆಗೆ ಕೂರಿಸುತ್ತಾರೆ. ಬಾಗಿಲಲ್ಲೇ ಎಣಿಸುತ್ತಾರೆ. ಇನ್ನೂರ ತೊಂಬತ್ತೊಂಬತ್ತಾದರೆ ವಾಪಸು. ಕಳೆದ ಎರಡು ಸಲ ಮಾಳವ್ವನ ಪುಸ್ತಕ ತುಂಬಿರಲಿಲ್ಲ, ಬೇರೆ ಯಾರೂ ಪಾಸಾಗಿರಲಿಲ್ಲ. ಮೂವತ್ತೈದು ದಾಟಿದವರಿಗೆ ಅವಕಾಶವಿಲ್ಲ. ಮುಂದಿನ ತಿಂಗಳು ಅವಳಿಗೆ ಮೂವತ್ತೈದು ತುಂಬುತ್ತಿತ್ತು. ಹದಿನಾರು ವರ್ಷದಿಂದ ಆಚೆ ದಂಡೆಗೆ ಹೋಗುವವರಿಗೆ ಟಿಕೆಟ್ ಹರಿದು ಕೊಟ್ಟವಳು ತಾನು ಹೋಗಲಿಕ್ಕೆ ಉಳಿದದ್ದು ಒಂದು ಪದ ಮತ್ತು ಹದಿಮೂರು ದಿನ. ರೆಟಿಸೆಂಟ್ ಈ ವರ್ಷವಷ್ಟೇ ಪಟ್ಟಿಗೆ ಸೇರಿದ ಪದ. ದೊಡ್ಡ ಪುಸ್ತಕದಲ್ಲಿ ಅದಕ್ಕೆ ಉದಾಹರಣೆ ಇರಲಿಲ್ಲ.

ಬಾಳಪ್ಪನ ನಂತರ ನಾನು ಯಾರನ್ನು ಬರೆದೆ ಎಂದು ಹೇಳಲು ಈಗಲೂ ನಾಚಿಕೆ. ನನ್ನನ್ನೇ ಬರೆದುಕೊಂಡೆ. ಡಿಗ್ರಿ ಮುಗಿಸಿ ಬಂದ ಮೇಲೆ ನಾನು ಹೆಚ್ಚು ಮಾತಾಡುತ್ತಿರಲಿಲ್ಲ. ಹೊಳೆಯ ಕಡೆ ಮುಖ ಮಾಡಿ ಗಂಟೆಗಟ್ಟಲೆ ಕೂರುತ್ತಿದ್ದೆ. ಎಲ್ಲರಿಗೂ ಹೇಳಿಬಿಡಲಾಗದಂಥದ್ದು ಏನೋ ನನ್ನೊಳಗಿದೆ ಎಂದು ನಂಬಿದ್ದೆ. 'ತನ್ನ ಮನಸ್ಸಿನ ವಿಷಯದಲ್ಲಿ ಈ ಲಿಪಿಕಾರನು ರೆಟಿಸೆಂಟ್' ಎಂದು ಬರೆದು, ನಾನೇ ಓದಿ, ನಾನೇ ಗಂಭೀರವಾಗಿ ಆಗಲಿ ಅಂದೆ. ಬೆಳಿಗ್ಗೆ ಹಾಳೆ ಬಿಳಿ.

ಮಾಳವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಏ ತಮ್ಮಾ, ನಿನ್ನ ಮನ್ಯಾಗ ಯಾರೂ ಇಲ್ಲಂತಲ್ಲೋ!"

ಅಂದು ಇಡೀ ದಿನ ನನಗೆ ಅನ್ನ ಸೇರಲಿಲ್ಲ. ಇಷ್ಟು ವರ್ಷ ಆಳ ಎಂದುಕೊಂಡದ್ದು ಬರೀ ಸಪ್ಪಳವಿಲ್ಲದ ಜಾಗವಾಗಿತ್ತು.

ಆಮೇಲೆ ಸೂಲಗಿತ್ತಿ ದ್ಯಾಮವ್ವ. ಊರಿನ ಅರ್ಧ ಮನೆಗಳ ಗುಟ್ಟು ಅವಳ ಹೊಟ್ಟೆಯಲ್ಲಿದೆ ಎಂಬ ಪ್ರತೀತಿ. ಹಿಗ್ಗಿನಿಂದ ಆಗಲಿ ಅಂದಳು. ಮರುದಿನ ಮಸಿ ಹೋದದ್ದನ್ನು ತೋರಿಸಿದರೆ ಸಿಟ್ಟಾದಳು.

"ನಾ ಯಾರಿಗೂ ಹೇಳಿಲ್ಲವ್ವಾ! ನಿನ್ನ ಕೈಮುಟ್ಟಿ ಆಣಿ ಮಾಡ್ತೀನಿ. ನಮ್ಮ ಅಕ್ಕಗ ಒಬ್ಬಾಕಿಗೆ ಹೇಳೀನಿ."

"ನಿಮ್ಮಕ್ಕ ಎಲ್ಲಿರ್ತಾಳಬೇ?" ಅಂದಳು ಮಾಳವ್ವ.

"ಹಿಟ್ಟಿನ ಗಿರಣಿ ಬಾಜೂಕ."

ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಳವ್ವನೂ ನಕ್ಕಳು. ಆದರೆ ಅಂದು ಟಿಕೆಟ್ ಹರಿಯುವಾಗ ಇಬ್ಬರಿಗೆ ತಪ್ಪು ಟಿಕೆಟ್ ಕೊಟ್ಟಳು.

ಇಲ್ಲಿ ನನ್ನ ಅಪ್ಪನ ವಿಷಯ ಹೇಳಬೇಕು. ಆ ಭಾಷಾಂತರಕಾರರ ಹುದ್ದೆಯಲ್ಲಿ ಇಪ್ಪತ್ತಮೂರು ವರ್ಷ ಇದ್ದವರು ಅಪ್ಪ, ವಿರೂಪಾಕ್ಷಪ್ಪನವರು. ಅವರು ನಿವೃತ್ತರಾದದ್ದರಿಂದಲೇ ಜಾಗ ಖಾಲಿಯಾಗಿತ್ತು. ಈ ಪರೀಕ್ಷೆಯ ಹಿಂದಿನ ವರ್ಷ ತೀರಿಕೊಂಡಿದ್ದರು. ಅಪ್ಪ ಮತ್ತು ಸಂಕಣ್ಣ ಮಾಸ್ತರರು ಒಂದೇ ದೋಣಿಯಲ್ಲಿ ಪರೀಕ್ಷೆಗೆ ಹೋದವರು. ಅಪ್ಪನಿಗೆ ನೇಮಕದ ಕಾಗದ ಬಂತು, ಮಾಸ್ತರರಿಗೆ ಬರಲಿಲ್ಲ. ಫೇಲಾದರು ಎಂದು ಊರು ಅಂದುಕೊಂಡಿತು. ಮಾಸ್ತರರು ಅಲ್ಲವೆನ್ನಲಿಲ್ಲ, ಹೌದೆನ್ನಲಿಲ್ಲ. ಯಾರಾದರೂ ಕೇಳಿದರೆ ಆಚೆ ದಂಡೆಯ ಖಾನಾವಳಿಯ ಬದನೆಕಾಯಿ ಪಲ್ಯದ ಮಾತೆತ್ತಿ, ಕೇಳಿದವನಿಗೆ ತನ್ನ ಪ್ರಶ್ನೆಯೇ ಮರೆಯುವಂತೆ ಮಾಡುತ್ತಿದ್ದರು. ಅಪ್ಪ ಹಬ್ಬಕ್ಕೆ ಅವರನ್ನು ಊಟಕ್ಕೆ ಕರೆಯುತ್ತಿದ್ದರು. ಬಡಿಸುವಾಗ, "ಬಾಯಾಗ ಇರೋದು ಪೆನ್ನಿನ ತುದೀಗೆ ಬಂದಿದ್ರ ಇವತ್ತು ನೀನೂ ಕುರ್ಚಿ ಮ್ಯಾಲ ಇರ್ತಿದ್ದಿ ಸಂಕಣ್ಣಾ," ಅನ್ನುತ್ತಿದ್ದರು. ಮಾಸ್ತರರು, "ಹೋಳಿಗಿ ಭಾಳ ಮೆತ್ತಗಾಗ್ಯಾವ ವೈನಿ," ಎಂದು ಅವ್ವನಿಗೆ ಹೇಳುತ್ತಿದ್ದರು.

ಅಪ್ಪನಿಗೊಂದು ಬೇಸರ ಇತ್ತು. ಪ್ರಿಎಮಿನೆಂಟ್, ಎಂದರೆ ಎಲ್ಲರಿಗಿಂತ ಮುಂದಿರುವ, ಎಂಬ ಪದಕ್ಕೆ 'ವಿರೂಪಾಕ್ಷಪ್ಪನವರು ಆಚೆ ದಂಡೆಯ ಪರೀಕ್ಷೆಯಲ್ಲಿ ಪ್ರಿಎಮಿನೆಂಟ್ ಆಗಿದ್ದರು' ಎಂದು ಅವರೇ ಎರಡು ಸಲ ಬರೆಸಿದ್ದರು. ಎರಡು ಸಲವೂ ಅಳಿಸಿಹೋಗಿತ್ತು. ಮಸಿ ಸರಿಯಿಲ್ಲ ಎಂದು ರೇಗಾಡಿದ್ದರು. ಆಗ ಮಾಸ್ತರರು ವಾಕ್ಯ ಬದಲಿಸಿ, 'ದುಂಡಗೆ ಅಕ್ಷರ ಬರೆಯುವುದರಲ್ಲಿ ವಿರೂಪಾಕ್ಷಪ್ಪನವರು ಊರಿಗೇ ಪ್ರಿಎಮಿನೆಂಟ್' ಎಂದು ಮಾಡಿದರು. ಅದು ನಿಂತಿತು. ಅಪ್ಪ ಸಾಯುವವರೆಗೂ ಆ ಹಾಳೆಯನ್ನು ಬಂದವರಿಗೆ ತೋರಿಸುತ್ತಿದ್ದರು.

ಪರೀಕ್ಷೆಗೆ ಆರು ದಿನ ಇರುವಾಗ ಮಾಳವ್ವನ ವಯಸ್ಸಿನ ದಾಖಲೆ ಕೊಡಲು ನಾನು ಆಚೆ ದಂಡೆಗೆ ಹೋದೆ. ಅವಳಿಗೆ ರಜೆ ಸಿಕ್ಕಿರಲಿಲ್ಲ. ಕಚೇರಿಯ ದಫ್ತರ ನೋಡಿಕೊಳ್ಳುವ ಗುಮಾಸ್ತರು ಮುದುಕರು, ಕನ್ನಡಕದ ಒಂದು ಕಡ್ಡಿಗೆ ನೂಲು ಕಟ್ಟಿಕೊಂಡಿದ್ದರು. ನನ್ನ ಹೆಸರಿನ ಜೊತೆ ಅಪ್ಪನ ಹೆಸರು ಓದಿ ಎದ್ದು ನಿಂತು ಕೈ ಹಿಡಿದುಕೊಂಡರು.

"ವಿರೂಪಾಕ್ಷಪ್ಪನವರ ಮಗ! ಬನ್ನಿ, ಕೂಡ್ರಿ. ಅವರ ಅಕ್ಷರ ತೋರಿಸ್ತೀನಿ ನಿಮಗೆ," ಎಂದು ಹಳೆಯ ರಿಜಿಸ್ಟರು ಇಳಿಸಿ ಧೂಳು ಕೊಡವಿದರು. ಆ ವರ್ಷದ ಫಲಿತಾಂಶದ ಹಾಳೆ. ಒಂದನೆಯ ಹೆಸರು ಸಂಕಣ್ಣ, ವಯಸ್ಸು ಇಪ್ಪತ್ನಾಲ್ಕು. ಎರಡನೆಯ ಹೆಸರು ವಿರೂಪಾಕ್ಷಪ್ಪ, ವಯಸ್ಸು ಮೂವತ್ನಾಲ್ಕು ವರ್ಷ ಹನ್ನೊಂದು ತಿಂಗಳು. ಅಪ್ಪನ ಅರ್ಜಿಯಿಂದ ಕತ್ತರಿಸಿ ಅಂಟಿಸಿದ ದುಂಡು ಸಹಿ ಅಲ್ಲಿತ್ತು. ಮೊದಲನೆಯ ಹೆಸರಿನ ಮುಂದೆ, ನನಗೆ ಚೆನ್ನಾಗಿ ಗುರುತಿರುವ ಓಡುಬರಹದಲ್ಲಿ, 'ಹುದ್ದೆ ಬೇಡ' ಎಂದಿತ್ತು.

ಅದನ್ನೇ ನೋಡುತ್ತ ಕೂತಿದ್ದನ್ನು ಕಂಡು ಗುಮಾಸ್ತರು ಹೇಳಿದರು: "ಆ ಮನುಷ್ಯ ಒಬ್ಬರು ವಿಚಿತ್ರ ನೋಡ್ರಿ. ಫಲಿತಾಂಶ ಬಂದ ದಿನ ಬಂದ್ರು, ಎರಡನೇದವರ ವಯಸ್ಸು ಎಷ್ಟು ಅಂತ ಕೇಳಿದ್ರು, ಬೇಡ ಅಂತ ಬರೆದುಕೊಟ್ರು, ಇದನ್ನ ಅವರಿಗೆ ಹೇಳಬೇಡ್ರಿ ಅಂದ್ರು. ಯಾಕ್ರಿ ಅಂತ ಕೇಳಿದೆ. ಒಂದು ತಾಸು ಮಾತಾಡಿದ್ರು. ಯಾಕೆ ಅನ್ನೋದು ಮಾತ್ರ ಹೇಳ್ಲಿಲ್ಲ. ಆಮೇಲೆ ಇಪ್ಪತ್ತಮೂರು ವರ್ಷ ಜಾಗ ಖಾಲಿ ಆಗ್ಲಿಲ್ಲ. ಪಾಪ, ಇನ್ನೊಂದು ಸಲ ಬರೀಬಹುದು ಅಂದ್ಕೊಂಡಿದ್ರೋ ಏನೋ."

ವಾಪಸು ಬರುವಾಗ ದೋಣಿಯಲ್ಲಿ ನಾನು ಯಾರ ಮುಖವನ್ನೂ ನೋಡಲಿಲ್ಲ. ಅಪ್ಪನಿಗೆ ಅದು ಕೊನೆಯ ಸಲವಾಗಿತ್ತು. ನಾನು ಹುಟ್ಟಿ ಆಗ ಐದು ತಿಂಗಳು. ನಾನು ಉಂಡ ಅನ್ನ, ಓದಿದ ಕಾಲೇಜು, ಪಡಸಾಲೆಯಲ್ಲಿ ಅವ್ವ ಕಟ್ಟು ಹಾಕಿಸಿ ದಿನಾ ಒರೆಸುವ ನೇಮಕದ ಕಾಗದ, ಎಲ್ಲದರ ಮುಂದೆಯೂ ಆ ಎರಡು ಪದ ಇದ್ದವು. ಅಪ್ಪನಿಗೆ ಗೊತ್ತಿರಲಿಲ್ಲ, ತಾವೇ ಮೊದಲು ಎಂದು ನಂಬಿದವರು ಹಳೆಯ ರಿಜಿಸ್ಟರು ತೆಗೆಸಿ ನೋಡಿರಲಿಲ್ಲ. ಗೊತ್ತಿದ್ದರೆ ಆ ಕುರ್ಚಿಯಲ್ಲಿ ಒಂದು ದಿನವೂ ಕೂರುತ್ತಿರಲಿಲ್ಲ, ಅಷ್ಟು ಅಭಿಮಾನ ಅವರಿಗೆ. ಅದೂ ಮಾಸ್ತರರಿಗೆ ಗೊತ್ತಿತ್ತು. ಊರಲ್ಲೆಲ್ಲ ಹೆಚ್ಚು ಮಾತಾಡುವವನ ಮನೆಯ ಬಾಗಿಲು ಇಪ್ಪತ್ತಾರು ವರ್ಷದಿಂದ ಹಾಕಿತ್ತು. ಬಾಗಿಲ ಮುಂದೆ ಅವರು ಅಷ್ಟೆಲ್ಲ ಮಾತು ಹರಡಿಕೊಂಡು ಕೂತಿದ್ದರಿಂದ ಹಿಂದೆ ಒಂದು ಬಾಗಿಲಿದೆ ಎಂದೇ ಯಾರಿಗೂ ಕಂಡಿರಲಿಲ್ಲ.

ಉದಾಹರಣೆ ಸಿಕ್ಕಿತ್ತು. ಬರೆಯಬೇಕೋ ಬೇಡವೋ ಎಂದು ಮೂರು ದಿನ ಒದ್ದಾಡಿದೆ. ಕಾರಣ ಬರೆಯಬೇಕಿರಲಿಲ್ಲ, ಆ ದಿನದ ವಿಷಯದಲ್ಲಿ ಮಾಸ್ತರರು ರೆಟಿಸೆಂಟ್ ಎಂದಷ್ಟು ಬರೆದರೆ ಸಾಕು. ಆದರೆ ವಾಕ್ಯ ನಿಂತಿತೆಂದರೆ ಊರು ಸುಮ್ಮನಿರುವುದಿಲ್ಲ. ಏನು ಮುಚ್ಚಿಟ್ಟಿದ್ದಾರೆ ಎಂದು ಯಾರಾದರೂ ಒಬ್ಬರು ದೋಣಿ ಹತ್ತಿ ಹೋಗಿ ರಿಜಿಸ್ಟರು ತೆಗೆಸುತ್ತಾರೆ. ಅವ್ವನ ಕಿವಿಗೆ ಬೀಳುತ್ತದೆ. ಬರೆಯದಿದ್ದರೆ ಮಾಳವ್ವ ಸಾಯುವವರೆಗೆ ಟಿಕೆಟ್ ಹರಿಯುತ್ತಾಳೆ. ಅವಳಿಗೋ ಸಹನೆ ಮುಗಿಯುತ್ತ ಬಂದಿತ್ತು.

"ಹೋಗ್ಲಿ ಬಿಡು ತಮ್ಮಾ," ಅಂದಳು ಮೂರನೆಯ ದಿನ, ಟಿಕೆಟ್ ಗೂಡಿನ ಕಿಂಡಿಯಿಂದ. "ಇಷ್ಟು ದೊಡ್ಡ ಊರಾಗ ಬಾಯಿ ಕಟ್ಟಿಟ್ಟವರು ಒಬ್ಬರೂ ಇಲ್ಲಂದ್ರ, ಪದದ್ದ ತಪ್ಪು. ಊರಂದಲ್ಲ." ಹಾಗೆಂದು ಕಿಂಡಿಯ ಬಾಗಿಲೆಳೆದುಕೊಂಡಳು. ಒಳಗೆ ಮೂಗೊರೆಸಿಕೊಂಡ ಸದ್ದು ಕೇಳಿತು.

ಆ ಸಂಜೆ ನಾಲ್ಕಕ್ಕೆ ನಾನು ಕಟ್ಟೆಯ ಮೇಲೆ ನಿಂತು ಓದಿದೆ: "ಆಚೆ ದಂಡೆಯ ಪರೀಕ್ಷೆಯ ವಿಷಯದಲ್ಲಿ ಸಂಕಣ್ಣ ಮಾಸ್ತರರು ರೆಟಿಸೆಂಟ್."

ನಗೆ ಎದ್ದಿತು. ಹುಸೇನಪ್ಪ ತೊಡೆ ತಟ್ಟಿ, "ಏ ಬಿ.ಎ., ನಿನಗೇನ್ ಬಿಸಲು ಬಡದೈತೇನೋ? ಈ ಮಾಸ್ತರ ನಿದ್ದಿಗಣ್ಣಾಗೂ ಮಾತಾಡ್ತಾರ!" ಅಂದ. "ಫೇಲಾದ್ದನ್ನ ಯಾರರ ಡಂಗುರಾ ಹೊಡಸ್ತಾರೇನೋ, ಹೇಳಾಕ ಅದರಾಗ ಏನೈತಿ?" ಅಂದಳು ದ್ಯಾಮವ್ವ. ಎಲ್ಲರೂ ಮಾಸ್ತರರ ಕಡೆ ತಿರುಗಿದರು. ಈಗ ಅವರು ಅರ್ಧ ತಾಸು ಮಾತಾಡಿ ಆಗಲಿ ಅನ್ನಬೇಕಿತ್ತು.

ಮಾಸ್ತರರು ಮಾತಾಡಲಿಲ್ಲ. ನನ್ನನ್ನು ನೋಡುತ್ತ ನಿಂತರು. ನಗುತ್ತಿದ್ದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಹೊಳೆಯಲ್ಲಿ ಹುಟ್ಟು ಬೀಳುವ ಸದ್ದು ಪದಮನೆಯ ಕಟ್ಟೆಗೆ ಕೇಳಿಸುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

"ದಫ್ತರದ ಗುಮಾಸ್ತರು ಅರಾಮ ಅದಾರೇನು?" ಎಂದು ಕೊನೆಗೆ ಕೇಳಿದರು, ಮೆಲ್ಲಗೆ.

"ಅದಾರ್ರಿ. ಕನ್ನಡಕಕ್ಕ ನೂಲು ಕಟ್ಟ್ಯಾರ," ಅಂದೆ.

"ಹಂ." ಅವರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮಾಳವ್ವನ ತೊಡೆಯ ಮೇಲಿಟ್ಟರು. "ಬ್ಯಾಡ. ನನ್ನ ಹೆಸರು ಬ್ಯಾಡ."

ಯಾವ ಪದಕ್ಕೂ ಅವರು ಹಾಗೆ ಅಂದದ್ದಿರಲಿಲ್ಲ. ಹೊಟ್ಟೆಬಾಕ ಎಂಬರ್ಥದ ಪದಕ್ಕೂ ಒಪ್ಪಿದ್ದವರು. ಮಾಳವ್ವನ ಮುಖ ಇಳಿದುಹೋಯಿತು.

"ನಿನ್ನ ಹೆಸರು ಬರಿ," ಎಂದು ಅವರು ನನಗೆ ಹೇಳಿದರು.

"ಅವಂದು ಬರದು ಆಗೇತಲ್ರಿ ಮಾಸ್ತರ!" ಅಂದಳು ಮಾಳವ್ವ, ಅಳುವಿನ ಹತ್ತಿರದ ದನಿಯಲ್ಲಿ. "ಒಂದು ದಿನಾನೂ ನಿಲ್ಲಲಿಲ್ಲ ಅದು. ಇವನ ಒಳಗ ಏನೂ ಇಲ್ಲ."

"ಅವತ್ತ ಇರಲಿಲ್ಲವ್ವಾ," ಅಂದರು ಮಾಸ್ತರರು. "ಈಗ ನಿಲ್ತೈತಿ. ಅವ ಕಾಯಬೇಕು, ಅಷ್ಟ. ಕಾಯ್ತೀಯೇನೋ?"

ಆ ಪ್ರಶ್ನೆ ನನಗೆ. ಕಟ್ಟೆಯ ಮೇಲಿದ್ದವರಿಗೆ ಅದು ಏನೆಂದು ಅರ್ಥವಾಗಲಿಲ್ಲ. ನನಗೆ ಆಯಿತು. ವಾಕ್ಯ ನಿಜವಾಗಿರುವಷ್ಟು ದಿನ ಮಾತ್ರ ಮಸಿ ನಿಲ್ಲುತ್ತದೆ. ನಾನು ಬಾಯಿ ಬಿಟ್ಟ ದಿನ ಮಾಳವ್ವನ ಪದ ಹೋಗುತ್ತದೆ. ಅವರು ಫೇಲಾದವರಲ್ಲ ಎಂದು ಊರಿಗೆ ಕೂಗಿ ಹೇಳಬೇಕೆಂದು ಮೂರು ದಿನದಿಂದ ನನ್ನೊಳಗೆ ಕುದಿಯುತ್ತಿದ್ದುದನ್ನು ಅವರು ಕಂಡಿದ್ದರು. ಅವ್ವನ ಕಟ್ಟು ಹಾಕಿದ ಕಾಗದವನ್ನೂ, ಅಪ್ಪನ ಮಾನವನ್ನೂ, ಮಾಳವ್ವನ ಪರೀಕ್ಷೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಿದ್ದರು. ತಮ್ಮದೇನನ್ನೂ ಅದರಲ್ಲಿ ಇಟ್ಟಿರಲಿಲ್ಲ.

"ಆಗಲಿ," ಅಂದೆ.

ಬರೆದೆ: 'ತನಗೆ ತಿಳಿದ ಒಂದು ವಿಷಯದಲ್ಲಿ ಈ ಲಿಪಿಕಾರನು ರೆಟಿಸೆಂಟ್.' ಮರುದಿನ ಬೆಳಿಗ್ಗೆ ಮಾಳವ್ವ ಮನೆಯ ಬಾಗಿಲಿಗೇ ಬಂದು, ಅವ್ವ ಕಸ ಗುಡಿಸುತ್ತಿದ್ದ ಅಂಗಳದಲ್ಲಿ ನಿಂತು, "ರೆಟಿಸೆಂಟ್! ರೆಟಿಸೆಂಟ್!" ಎಂದು ಕೂಗಿದಳು. ಹಾಳೆಯ ಮೇಲೆ ಮಸಿ ಕಪ್ಪಗಿತ್ತು.

ಮಾಳವ್ವ ಪರೀಕ್ಷೆ ಬರೆದಳು, ಪಾಸಾದಳು. ಅಂದಿನಿಂದ ದಿನಾ ಬೆಳಿಗ್ಗೆ ಬೇರೆಯವರು ಹರಿದ ಟಿಕೆಟ್ ಹಿಡಿದು ಆಚೆ ದಂಡೆಗೆ ಹೋದಳು. ಊರು ನನ್ನ ಬೆನ್ನು ಹತ್ತಿತು. "ಯಾವ ಹುಡುಗಿನೋ ಬಿ.ಎ.?" ಎಂದು ಹುಸೇನಪ್ಪ ಕತ್ತರಿ ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದ. ನಾನು ಮಾಸ್ತರರಿಂದ ಕಲಿತ ಹಾಗೆ ಬದನೆಕಾಯಿ ಪಲ್ಯದ ಮಾತೆತ್ತುತ್ತಿದ್ದೆ. ನಿಧಾನಕ್ಕೆ ನನಗೂ ಮಾತು ಬಂತು. ಏನಾದರೂ ಹೇಳದೆ ಉಳಿಸಿಕೊಳ್ಳಬೇಕಾದವನಿಗೆ ಬರೀ ಮೌನ ಸಾಲುವುದಿಲ್ಲ.

ಕಷ್ಟವಾದದ್ದು ಬೇರೆಯದು. ಹೊಸದಾಗಿ ಪದಮನೆಗೆ ಬಂದವರು, ಮಾಸ್ತರರು ಕೇಳುವಂತೆಯೇ, "ಇವರಾ? ಇವರು ತಾವ ಫೇಲಾದವರಂತ," ಅಂದಾಗ ಪೆನ್ನು ಹಿಡಿದು ಕೂತಿರಬೇಕಾಗುತ್ತಿತ್ತು. ಮಾಸ್ತರರು ಒಮ್ಮೆ ನನ್ನ ಕಡೆ ನೋಡಿ, ಅಂದವನಿಗೇ ಮುಂದಿನ ಪದದ ಅರ್ಥ ಬಿಡಿಸಿ ಹೇಳುತ್ತಿದ್ದರು. ಹಾಗೆ ಹೇಳುವಾಗ ಅವರ ದನಿಯಲ್ಲಿ ಒಂದು ಎಳೆಯಷ್ಟೂ ಕಹಿ ಇರುತ್ತಿರಲಿಲ್ಲ. ನಾನು ಹುಡುಕಿದ್ದೇನೆ. ವರ್ಷಗಟ್ಟಲೆ, ಎದುರಿಗೆ ಕೂತು, ಕಿವಿಗೊಟ್ಟು ಹುಡುಕಿದ್ದೇನೆ.

ಹದಿನೇಳು ವರ್ಷ ನಾವಿಬ್ಬರೂ ಆ ಕಟ್ಟೆಯ ಮೇಲೆ ಕೂತೆವು. ಮಾಸ್ತರರು ಒಂದು ಮಧ್ಯಾಹ್ನ, ಊಟವಾದ ಮೇಲೆ, ಎಲೆಗೆ ಸುಣ್ಣ ಹಚ್ಚುತ್ತ ಮಾತಿನ ನಡುವೆಯೇ ಹೋದರು. ಅವ್ವ ಅದಕ್ಕೂ ಮುಂಚೆ ಹೋಗಿದ್ದಳು. ಮಾಳವ್ವ ನಿವೃತ್ತಳಾದದ್ದು ಮೊನ್ನೆ. ಕೊನೆಯ ದೋಣಿ ಇಳಿದು ನೆಟ್ಟಗೆ ಪದಮನೆಗೆ ಬಂದು ತನ್ನ ಪುಸ್ತಕವನ್ನು ನನ್ನ ಮುಂದಿಟ್ಟಳು.

"ಇನ್ನ ಈ ಪದ ಹ್ವಾದ್ರೂ ನಡೀತೈತಿ ತಮ್ಮಾ," ಅಂದಳು. "ಭಾಳ ದಿನ ಹೊತ್ತಿ. ಹೇಳಿಬಿಡು."

ಅದಕ್ಕೇ ಇದನ್ನು ಬರೆದೆ. ಬೆಳಗಾಗುವಷ್ಟರಲ್ಲಿ ಅವಳ ಪುಸ್ತಕದ ಆ ಸಾಲು ಹೋಗಿರುತ್ತದೆ. ಅಪ್ಪ ಕೂತ ಕುರ್ಚಿ ತನ್ನದಾಗಿತ್ತು ಎಂದು ಸಂಕಣ್ಣ ಮಾಸ್ತರರು ಅಪ್ಪನಿಗೂ ಹೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ, ಎಲ್ಲ ತಿಳಿದ ನನಗೂ ಒಮ್ಮೆಯೂ ಹೇಳಲಿಲ್ಲ.